ಕಲ್ಲಿನ ಗುಣ, ಕೈಯ ಗುಣ

ವಸ್ತುವಿನ ಯೋಗ್ಯತೆಯನ್ನು ಅದರ ಮೇಲಿನ ಮುದ್ರೆಯಿಂದ ತಿಳಿಯಬೇಕೆ, ಅದು ಮಾಡುವ ಕೆಲಸದಿಂದ ತಿಳಿಯಬೇಕೆ? ದಿನವಿಡೀ ಕಾಗದಗಳಿಗೆ ಮುದ್ರೆ ಒತ್ತುವ ನನ್ನಂಥ ಗುಮಾಸ್ತನಿಗೆ ಇದು ತುಸು ಇರುಸುಮುರುಸಿನ ಪ್ರಶ್ನೆ. ಮಡಿಚಿಡುವ ಕ್ಷೌರದ ಕತ್ತಿಯನ್ನು ಮಸೆಯಲು ಜಪಾನಿನ ನಿಸರ್ಗದ ಕಲ್ಲನ್ನು ಆರಿಸುವವರಿಗೂ ಇದೇ ಪ್ರಶ್ನೆ ಎದುರಾಗುತ್ತದೆ.

ಈ ಕಲ್ಲುಗಳಲ್ಲಿ ಹೆಸರಾದವು ಕ್ಯೋಟೋ ನಗರದ ಸುತ್ತಲಿನ ಬೆಟ್ಟಗಳವು. ಸುಮಾರು 25 ಕೋಟಿ ವರ್ಷಗಳ ಹಿಂದೆ ಆಳಸಮುದ್ರದ ತಳದಲ್ಲಿ ನವಿರಾದ ಧೂಳೂ ಸೂಕ್ಷ್ಮಜೀವಿಗಳ ಚಿಪ್ಪೂ ಪದರಪದರವಾಗಿ ಕೂತು ಕಲ್ಲಾದವು. ನಾಕಾಯಾಮಾ, ಓಜುಕು, ಒಕುಡೋ ಎಂಬವು ಅಲ್ಲಿಯ ಪ್ರಸಿದ್ಧ ಗಣಿಗಳು. ಹಳೆಯ ಗಣಿಗಳಲ್ಲಿ ಬಹುಪಾಲು ಈಗ ಮುಚ್ಚಿವೆ. ಗಣಿ ಮುಚ್ಚಿದಷ್ಟೂ ಹೆಸರಿಗೆ ಬೆಲೆ ಏರುತ್ತದೆ. ಬೆಲೆ ಏರಿದಲ್ಲಿ ನಕಲಿ ಮುದ್ರೆಯೂ ಹುಟ್ಟಿಕೊಳ್ಳುತ್ತದೆ. ಮುದ್ರೆ ಅಸಲಿಯೇ ಆಗಿರಲಿ, ಒಂದೇ ಗಣಿಯ ಎರಡು ಕಲ್ಲುಗಳು ಒಂದೇ ತೆರನಾಗಿರುವುದಿಲ್ಲ.

ಕಾರ್ಖಾನೆಯ ಕಲ್ಲಿಗೆ 1000, 8000 ಎಂಬ ಅಂಕಿ ಇರುತ್ತದೆ. ನಿಸರ್ಗದ ಕಲ್ಲಿಗೆ ಅದಿಲ್ಲ. ಅದರ ಕಣ ನವಿರಾಗಿರಬೇಕು. ಕ್ಷೌರದ ಕತ್ತಿಗೆ ಸಾಮಾನ್ಯವಾಗಿ ಗಡಸು ಕಲ್ಲೇ ಒಗ್ಗುತ್ತದೆ. ಅಲಗು ತಾಗುವ ಮೈಯಲ್ಲಿ ಗೀರು ಬೀಳಿಸುವ ಗಟ್ಟಿ ಎಳೆ ಇರಬಾರದು. ಬಣ್ಣದ ಚೆಲುವಿಗೆ ಹಣ ತೆರಬಹುದು, ಅಲಗು ಅದರಿಂದ ಹರಿತವಾಗದು. ನೀರು ಹಾಕಿ ನಗುರಾ ಎಂಬ ಚಿಕ್ಕ ಕಲ್ಲಿನಿಂದ ಉಜ್ಜಿದರೆ, ನಾವು ಗಂಧ ತೇಯುವಾಗಿನಂತೆ, ಕೆನೆಯಂಥ ಕೆಸರು ಏಳುತ್ತದೆ. ಮಸೆಯುತ್ತ ಮಸೆಯುತ್ತ ಅದನ್ನು ತೆಳುವಾಗಿಸಿ, ಕೊನೆಗೆ ಬರಿಯ ನೀರಿನಲ್ಲಿ ಮುಗಿಸುವುದುಂಟು. ತೀರ್ಪು ಹೇಳುವುದು ಕೆನ್ನೆ.

ಆದರೆ ಕೆನ್ನೆಯ ತೀರ್ಪನ್ನೂ ಕಣ್ಣುಮುಚ್ಚಿ ಒಪ್ಪಲಾಗದು. ಉರಿ ಎದ್ದರೆ ತಪ್ಪು ಕಲ್ಲಿನದೋ, ಉಕ್ಕಿನದೋ, ಕೈಯದೋ? ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕೆಂಬುದು ಪ್ರಯೋಗಶಾಲೆಯ ಮೊದಲ ಪಾಠ. ಹೊಸಬನು ಅಂಕಿಯುಳ್ಳ ಕಲ್ಲಿನ ಮೇಲೆಯೇ ಕೈ ಪಳಗಿಸಿಕೊಳ್ಳಲಿ. ಅಲ್ಲಿ ಕಲ್ಲನ್ನು ದೂರುವ ಅವಕಾಶ ಕಡಿಮೆ. ಆಮೇಲೆ ಅದೇ ಕತ್ತಿಯಿಂದ ನಿಸರ್ಗದ ಕಲ್ಲನ್ನು ಪರೀಕ್ಷಿಸಲಿ. ಒಂದು ಕತ್ತಿಗೆ ಒಗ್ಗಿದ ಕಲ್ಲು ಇನ್ನೊಂದಕ್ಕೆ ಒಗ್ಗದಿರುವುದೂ ಆಗ ತಿಳಿಯುತ್ತದೆ.

ಹಾಗಾದರೆ ಮುದ್ರೆ ನಿಷ್ಪ್ರಯೋಜಕವೆ? ಅಲ್ಲ. ಅಸಲಿ ಮುದ್ರೆಯೆಂದರೆ ಬಲ್ಲವನೊಬ್ಬ ನುಡಿದ ಸಾಕ್ಷ್ಯ. ಸಾಕ್ಷ್ಯವನ್ನು ಕೇಳಬೇಕು, ತೀರ್ಪನ್ನೇ ಅದರ ಕೈಗೆ ಒಪ್ಪಿಸಬಾರದು. ಪರಊರಿನಲ್ಲಿ ಬದುಕುವ ನಾವು ಮನುಷ್ಯರನ್ನೂ ಅವರ ಊರು, ಪದವಿ, ಕಚೇರಿಗಳ ಮುದ್ರೆಯಿಂದ ಅಳೆದುಬಿಡುತ್ತೇವೆ. ಬಿಡುವಿಲ್ಲದ ಬಾಳಿನಲ್ಲಿ ಅದು ಕೆಲಮಟ್ಟಿಗೆ ಅನಿವಾರ್ಯವೂ ಹೌದು. ಆದರೂ ಅಳೆಯುವ ನಮ್ಮ ಕೈ ನೆಟ್ಟಗಿದೆಯೇ ಎಂಬ ಪ್ರಶ್ನೆ ಮೊದಲು ಏಳಬೇಕು. ಕಲ್ಲನ್ನು ದೂರುವ ಮುನ್ನ ಕೈಯನ್ನು ನೋಡಿಕೊಳ್ಳುವುದು ಕೆನ್ನೆಗೂ ಕ್ಷೇಮ, ನೆರೆಹೊರೆಗೂ ಕ್ಷೇಮ.