‘ಇಲ್ಲ’ ಮತ್ತು ‘ನೋಡಿಲ್ಲ’

ನಮ್ಮೂರು ಗೋಕಾಕ ತಾಲೂಕಿನ ಮಮದಾಪುರ. ಊರಿಗೆ ಹೋದಾಗೆಲ್ಲ ಅಪ್ಪ ಕೇಳುತ್ತಿದ್ದ: “ತಮ್ಮಾ, ಬೆಂಗಳೂರಾಗ ನೀ ಮಾಡೂದರ ಏನು?” ‘ಬಯೋಇನ್ಫರ್ಮ್ಯಾಟಿಕ್ಸ್’ ಅಂದರೆ ಮಾತು ಮುಂದೆ ಹೋಗೋದಿಲ್ಲ. ಹಾಗಾಗಿ ಕಬ್ಬಿನ ಲೆಕ್ಕದಲ್ಲಿ ಹೇಳಿದೆ. ಕಬ್ಬು ಅರೆದು, ರಸ ಸೋಸಿ, ಕುದಿಸಿ ಬೆಲ್ಲ ಮಾಡಿದ ಹಾಗೆ ನಾವು ಯಂತ್ರ ಓದಿದ ಡಿಎನ್‌ಎ ತುಣುಕುಗಳನ್ನ ಸೋಸಿ, ಜೋಡಿಸಿ, ವ್ಯತ್ಯಾಸ ಹುಡುಕಿ ಡಾಕ್ಟರ್ ಕೈಗೆ ವರದಿ ಕೊಡ್ತೀವಿ. ಈ ಸಾಲಿಗೇ ಪೈಪ್‌ಲೈನ್ ಅನ್ನೋದು.

ಅಪ್ಪ ಕೇಳಿದ: “ಹಂಗಾರ ಕಾಟಾ ಯಾರ ಕೈಯಾಗ ಐತಿ?” ಕಬ್ಬು ಬೆಳೆಯೋರಿಗೆ ತೂಕದ ಮೇಲೆ ಸದಾ ಅನುಮಾನ. ನಾನು ನಕ್ಕುಬಿಟ್ಟೆ.

2000ರಲ್ಲಿ ಐಐಎಸ್‌ಸಿ ಪ್ರಾಧ್ಯಾಪಕರು ಸ್ಟ್ರ್ಯಾಂಡ್ ಜೀನೋಮಿಕ್ಸ್ ಕಟ್ಟಿದಾಗಿನಿಂದ ಈ ಕಸುಬು ಬೆಂಗಳೂರಲ್ಲಿದೆ. ನಾನಿರೋದು ಬೇರೆ, ಸಣ್ಣ ಕಂಪನಿ. ಒಂದು ಸಂಜೆ ನನ್ನದೇ ಕೋಡಿನಲ್ಲಿ ತಪ್ಪು ಸಿಕ್ಕಿತು. ಫೈಲ್ ಅರ್ಧಕ್ಕೇ ತುಂಡಾಗಿದ್ದರೂ ಪರದೆ ಮೇಲೆ ಹಸಿರು ಟಿಕ್. ಓದದೇ ಬಿಟ್ಟ ಜೀನ್‌ಗಳ ಮುಂದೆ ‘ದೋಷ ಇಲ್ಲ’ ಎಂದು ಬರೆದಿತ್ತು. ಇಲ್ಲ ಅಂತ ಗೊತ್ತಿರಲಿಲ್ಲ, ನೋಡೇ ಇರಲಿಲ್ಲ.

“ಯಾರೂ ಕಂಪ್ಲೇಂಟ್ ಮಾಡಿಲ್ಲವಲ್ಲ, ಮುಂದಿನ ರಿಲೀಸ್‌ನಲ್ಲಿ ಸರಿ ಮಾಡಿದರಾಯ್ತು” ಅಂದ ಒಬ್ಬ ಗೆಳೆಯ. ನಾಲ್ಕು ದಿನ ನಾನೂ ಆ ಮಾತನ್ನೇ ಹಿಡಿದು ಕೂತಿದ್ದೆ. ಆಮೇಲೆ ಹೊಳೆಯಿತು: ಕಾಟಾದ ಎದುರು ನಿಂತ ಅಪ್ಪನಿಗೆ ಅನುಮಾನಪಡಲಿಕ್ಕಾದರೂ ಜಾಗ ಇದೆ. ‘ನಿಮಗೇನೂ ಇಲ್ಲ’ ಎಂಬ ವರದಿ ಹಿಡಿದು ನಿಶ್ಚಿಂತೆಯಿಂದ ಮನೆಗೆ ಹೋದವರು ಯಾಕಾದರೂ ದೂರು ಕೊಡ್ತಾರೆ?

ಸದ್ದಿಲ್ಲದ ತಪ್ಪು ನಮ್ಮೊಬ್ಬರದೇ ಅಲ್ಲ. ‘ಮಾರ್ಚ್1’ ಎಂಬ ಜೀನ್ ಹೆಸರನ್ನು ಎಕ್ಸೆಲ್ ತಾರೀಖು ಅಂದುಕೊಂಡು ಬದಲಿಸುತ್ತಿತ್ತು. ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಕೊಟ್ಟಿದ್ದ ಪ್ರಬಂಧಗಳ ಪೈಕಿ ಸುಮಾರು ಐದರಲ್ಲೊಂದರಲ್ಲಿ ಇಂಥ ತಪ್ಪಿದೆ ಎಂದು 2016ರ ಒಂದು ಅಧ್ಯಯನ ತೋರಿಸಿತು. ಕೊನೆಗೆ 2020ರ ಹೊತ್ತಿಗೆ ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು. ಅಲ್ಲೂ ಯಾವ ಕೆಂಪು ದೀಪವೂ ಉರಿದಿರಲಿಲ್ಲ.

ಐದನೇ ದಿನ ಬಾಸ್‌ಗೆ ಹೇಳಿದೆ, ಲ್ಯಾಬಿಗೆ ಫೋನ್ ಮಾಡಿದೆವು. ಮೂರು ವರದಿಗಳನ್ನ ಮತ್ತೆ ಓಡಿಸಿದಾಗ ಎರಡು ಬದಲಾಗಲಿಲ್ಲ. ಮೂರನೆಯದು ಬದಲಾಯಿತು. ಅದು ಯಾರದೋ ಗೊತ್ತಿಲ್ಲ, ನನಗೆ ಸಿಗೋದು ಬರೀ ಒಂದು ನಂಬರ್. ಆ ನಾಲ್ಕು ದಿನಗಳನ್ನ ಅವರಿಗೆ ಹೇಗೆ ವಾಪಸ್ ಕೊಡಲಿ?

ಈಗ ನಮ್ಮ ವರದಿಯಲ್ಲಿ ‘ಇದೆ’, ‘ಇಲ್ಲ’ ಜೊತೆ ‘ನೋಡಲಾಗಿಲ್ಲ’ ಎಂಬ ಮೂರನೇ ಕಾಲಂ ಇದೆ. ಅದು ಇದ್ದರೆ ಸಾಫ್ಟ್‌ವೇರ್ ಅರೆಬರೆ ಕಾಣುತ್ತೆ ಅಂತ ಸೇಲ್ಸ್‌ನವರ ತಕರಾರು. ಕಾಣಲಿ ಬಿಡಿ. ಮುಂದಿನ ಸಲ ಊರಿಗೆ ಹೋದಾಗ ಕಾಟಾ ಯಾರ ಕೈಯಲ್ಲಿದೆ ಅಂತ ಅಪ್ಪನಿಗೆ ಹೇಳಬೇಕು. ನನ್ನ ಕೈಯಲ್ಲೇ ಇತ್ತು.