ನೋಡುವವನ ಪಾಲು

ಜಪಾನಿನಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಒಂದು ರಜೆಯ ದಿನ ಸಹಪಾಠಿಯೊಡನೆ ಒಸಾಕಾ ನಗರದ ಕೈಯೂಕಾನ್ ಮತ್ಸ್ಯಾಲಯಕ್ಕೆ ಹೋಗಿದ್ದೆನು. 1990ರಲ್ಲಿ ತೆರೆದ ಆ ಆಲಯದಲ್ಲಿ ಪ್ರೇಕ್ಷಕರು ಮೊದಲು ಎಂಟನೆಯ ಅಂತಸ್ತಿಗೇರಿ, ನಡುವಣ ಮಹಾಕೊಳವನ್ನು ಬಳಸುತ್ತ ಮೆಲ್ಲಮೆಲ್ಲನೆ ಇಳಿದು ಬರಬೇಕು. ಕೊಳದ ಆಳ 9 ಮೀಟರು. ನೀರು 5,400 ಟನ್ನು. ಅದರಲ್ಲಿ ತಿಮಿಂಗಿಲ ಶಾರ್ಕೆಂಬ ಮೀನೊಂದು ಸುತ್ತು ಬರುತ್ತಿದ್ದಿತು. ಮೀನುಗಳಲ್ಲೆಲ್ಲ ಅತ್ಯಂತ ದೊಡ್ಡದು. ಆದರೂ ಸಣ್ಣ ಸಿಗಡಿಯಂತಹವನ್ನು ನೀರಿನಿಂದ ಸೋಸಿ ತಿಂದು ಬದುಕುವ ಸಾಧು. ಕಡಲಿನಲ್ಲಾದರೆ ಸಾವಿರ ಮೀಟರಿಗೂ ಕೆಳಗೆ ಮುಳುಗಬಲ್ಲ ಪ್ರಾಣಿಯದು!

ಅದನ್ನು ಕಂಡು ನನಗಾದ ಆನಂದವನ್ನು ಮರೆಮಾಚಲಾರೆ. ಬಹಳ ಹೊತ್ತು ನಿಂತೆನು. ಆರನೆಯ ಸುತ್ತಿನಲ್ಲೋ ಏಳನೆಯದರಲ್ಲೋ ಅದು ಅದೇ ಮೂಲೆಯಲ್ಲಿ ಅದೇ ಬಗೆಯಾಗಿ ತಿರುಗಿದಾಗ ಮನಸ್ಸು ಕಲಕಿತು. ನನ್ನಂಥವರು ತೆತ್ತ ಪ್ರವೇಶದ ಹಣದಿಂದಲ್ಲವೆ ಆ ಗೋಡೆ ನಿಂತಿರುವುದು?

ಕಣ್ಣಾರೆ ಕಾಣದೆ ಜನರು ಕಡಲಿನ ಜೀವಗಳಿಗಾಗಿ ಮರುಗಲಾರರೆಂದು ಇಂಥ ಆಲಯಗಳ ಪಕ್ಷದವರು ವಾದಿಸುವರು. ವಾದವು ಹುಸಿಯಲ್ಲ, ನನ್ನ ಮರುಕವೂ ಹುಟ್ಟಿದುದು ಅಲ್ಲಿಯೇ. ಆದರೆ ಹಲವರ ಮರುಕಕ್ಕೆ ಒಂದು ಜೀವದ ಬಾಳನ್ನು ಬೆಲೆಯಾಗಿ ತೆರುವ ಅಧಿಕಾರವನ್ನು ನಮಗೆ ಕೊಟ್ಟವರಾರು?

"ಹೊತ್ತಾಯಿತು, ನಡೆ" ಎಂದು ಗೆಳೆಯನು ಕರೆದನು. ನಾನು ಇನ್ನೊಂದು ಸುತ್ತು ನೋಡಿಯೇ ಹೊರಟೆನು.