ಎರಡು ರೇಟು

ಕೋರಮಂಡಲ್‌ನಿಂದ ದಿನಾ ರೈಲಲ್ಲಿ ಬೆಂಗಳೂರಿಗೆ ಓಡಾಡೋ ನನ್ನ ಸಹೋದ್ಯೋಗಿಯೊಬ್ಬ ಮನೆಯ ಶೆಡ್ಡಿಗೆ ಹೊಸ ಲೇಥು ತರಿಸ್ತಿದಾನೆ. ಕೋಡ್ ಬರೆದು ಬರೆದು ಬೇಜಾರಾಗಿದೆ, ಕೈಯಲ್ಲಿ ಮುಟ್ಟೋ ಹಾಗೆ ಏನಾದ್ರೂ ಮಾಡ್ಬೇಕಂತೆ. ಅವನು ದುಡಿದ ದುಡ್ಡು, ಅವನಿಷ್ಟ. ಅದರಲ್ಲಿ ಕೊಂಕು ತೆಗೆಯೋಕೆ ನಾವ್ಯಾರು?

ಆದ್ರೆ ಲೇಥು ಹೋಗ್ತಿರೋ ಊರು ಎಂಥದು ನೋಡಿ. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿದ್ದ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಗಣಿ ಅಂದ್ರೆ ಬರೀ ಅಗೆಯೋದಲ್ಲ. ಪಂಪು ಕೆಟ್ಟರೆ ಬುಷ್ಷು, ಪಿನ್ನು ಕಡೆದು ಕೊಡೋಕೆ ಟರ್ನರ್ ಬೇಕು. ಕೂದಲೆಳೆಯಷ್ಟು ತಪ್ಪಿದ್ರೂ ಬೇರಿಂಗ್ ಕೂರಲ್ಲ. ಆ ಅಳತೆ ಕೈಗೆ ಹತ್ತೋಕೆ ವರ್ಷಗಳೇ ಬೇಕು.

ಅಂಥ ಕೈಯವರು ರಸ್ತೆ ಬದಿಯ ವರ್ಕ್‌ಶಾಪಲ್ಲಿ ಒಂದು ಬುಷ್ಷಿಗೆ ಮುನ್ನೂರು ಕೇಳಿದ್ರೆ, "ಹತ್ತು ನಿಮಿಷದ ಕೆಲಸಕ್ಕೆ ಅಷ್ಟಾ ಅಣ್ಣಾ?" ಅಂತೀವಿ. ನಾವೇ ಮಾಡಿದ್ರೆ ಅದು ಪ್ಯಾಷನ್ನು. ಲಕ್ಷ ಸುರಿದರೂ, ಎರಡು ಭಾನುವಾರ ಹೋದರೂ ಯಾರೂ ಲೆಕ್ಕ ಕೇಳಲ್ಲ. ಒಂದೇ ಕೆಲಸಕ್ಕೆ ಎರಡು ರೇಟು ಯಾಕೆ ಅನ್ನೋದೇ ನನ್ನನ್ನ ಕಾಡೋದು.

ಲೇಥು ಬರಲಿ. ಕಲಿಸೋಕೆ ನಿವೃತ್ತ ಟರ್ನರ್ ಒಬ್ಬರನ್ನ ಹುಡುಕ್ತಿದಾನೆ. ಗಂಟೆಗೆ ಎಷ್ಟು ಕೊಡ್ಬೇಕು ಅಂತ ಕೇಳಿದ. ನಮ್ಮ ಆಫೀಸಿಗೆ ಬರೋ ಟ್ರೈನರ್‌ಗೆ ಕೊಡೋಷ್ಟು ಅಂದೆ. ನಕ್ಕ. ತಮಾಷೆಗೆ ಹೇಳಿದ್ದಲ್ಲ.